ನನಗೆ ಉಷ್ಣ ಎಂದು ಹೆಸರಿಟ್ಟವರು

ನಾನು ಒಂದು ರೋಗಾಣು. ಒಂದು ಎಂದೆ ನೋಡಿ, ಅಲ್ಲೇ ತಪ್ಪಾಯಿತು. ನಾನು ಯಾವತ್ತೂ ಒಂಟಿಯಲ್ಲ. ಚಪ್ಪಟೆ ಮಗ್ಗುಲನ್ನು ಎದುರುಬದುರು ಮಾಡಿಕೊಂಡು ಜೋಡಿಯಾಗಿಯೇ ಬದುಕುತ್ತೇನೆ. ಕಾಫಿ ಬೀಜದ ಹಾಗೆ ಎಂದು ಪುಸ್ತಕಗಳು ಬರೆಯುತ್ತವೆ. ಅದು ಕಾಫಿ ಕುಡಿಯುತ್ತ ಬರೆಯುವವರ ಹೋಲಿಕೆ. ನಾನು ಬಾಳಿದ ಊರಿಗೆ ತಕ್ಕ ಹೋಲಿಕೆಯನ್ನು ಒಬ್ಬ ಹೆಂಗಸು ಕೊಟ್ಟಳು. ಅದನ್ನು ಅದರ ಜಾಗದಲ್ಲೇ ಹೇಳುತ್ತೇನೆ.

ವೈದ್ಯರು ನನ್ನನ್ನು ಗೊನೋಕಾಕಸ್ ಎನ್ನುತ್ತಾರೆ, ನಾನು ತರುವ ಕಾಯಿಲೆಯನ್ನು ಗೊನೋರಿಯಾ ಎನ್ನುತ್ತಾರೆ. ಗೋಡೆ ಬರಹದವರು ಗುಪ್ತರೋಗ ಎಂದು ಬರೆದು ಪಕ್ಕದಲ್ಲಿ ಫೋನ್ ನಂಬರ್ ಹಾಕುತ್ತಾರೆ. ಆದರೆ ಈ ಬಯಲುಸೀಮೆಯ ಜನ ನನಗೆ ಇಟ್ಟ ಹೆಸರೇ ಬೇರೆ. ಅಷ್ಟು ಚೆಂದದ, ಅಷ್ಟು ಉಪಯೋಗಕ್ಕೆ ಬಂದ ಹೆಸರು ಲೋಕದಲ್ಲಿ ಯಾರೂ ನನಗೆ ಇಟ್ಟಿಲ್ಲ. ಉಷ್ಣ. ಬರೀ ಉಷ್ಣ.

ಆತ್ಮಕಥೆ ಬರೆಯುವವರು ಹುಟ್ಟೂರಿನಿಂದ ಶುರುಮಾಡುತ್ತಾರೆ. ನಾನು ಮಾಡುವುದಿಲ್ಲ. ಹೇಳಿದರೆ ನೀವು ಮೊದಲು ಆ ಊರಿನಲ್ಲಿ ಒಬ್ಬ ಹೆಂಗಸನ್ನು ಹುಡುಕುತ್ತೀರಿ. ಅವಳ ಬೀದಿ ಯಾವುದು, ಜಾತಿ ಯಾವುದು ಎಂದು ಕೇಳುತ್ತೀರಿ. ಅವಳಿಗೆ ನನ್ನನ್ನು ಕೊಟ್ಟುಹೋದವನು ಯಾರು ಎಂದು ಮಾತ್ರ ಕೇಳುವುದಿಲ್ಲ. ಆದ್ದರಿಂದ ಅವಳ ವಿಳಾಸ ನನ್ನಲ್ಲೇ ಇರಲಿ. ಇಷ್ಟು ಸಾಕು: ನನಗೆ ಅಪ್ಪನಿಲ್ಲ, ಅವ್ವನಿಲ್ಲ. ನಾನೇ ಸೀಳಿ ಎರಡಾಗುತ್ತೇನೆ, ಆ ಎರಡೂ ನಾನೇ. ಬಸವನ ಕೆಳಗೆ ಬಸವ ಎಂಬ ವಂಶಾವಳಿ ನನಗೆ ಬೇಡ. ನಾಯಿ, ದನ, ಕೋತಿ ಇವು ಯಾವುದರಲ್ಲೂ ನಾನು ಬಾಳುವುದಿಲ್ಲ. ಬಯಲಿನ ಒಣಗಾಳಿ ತಗುಲಿದರೆ ಸಾಯುತ್ತೇನೆ. ಭೂಮಿಯ ಮೇಲೆ ಇಷ್ಟೊಂದು ಜೀವರಾಶಿ ಇದ್ದರೂ ನನಗೆ ಒಗ್ಗುವ ಮನೆ ಒಂದೇ, ಮನುಷ್ಯ. ಮನುಷ್ಯರಲ್ಲಿ ಯಾರು ಎಂದು ಕೇಳಿದರೆ, ಯಾರಾದರೂ. ಗರ್ಭಗುಡಿಯೊಳಗೆ ಹೋಗುವವರು, ಬಾಗಿಲಾಚೆ ನಿಲ್ಲುವವರು, ಎಲ್ಲರ ಒಳಪೊರೆಯೂ ನನಗೆ ಒಂದೇ ರುಚಿ. ನಿಮ್ಮ ಯಾವ ಸಭೆಯೂ ತರಲಾಗದ ಸಮಾನತೆಯನ್ನು ನಾನು ದಿನವೂ ಪಾಲಿಸುತ್ತೇನೆ.

ನನಗೆ ನೆನಪಿರುವ ಮೊದಲ ದೊಡ್ಡಮನೆ ತಿಪ್ಪೇರುದ್ರನ ಮೈ. ಶೇಂಗಾ ಎಣ್ಣೆಯ ಮಿಲ್ಲುಗಳ ಊರು ಅದು. ಗಾಳಿಯಲ್ಲೇ ಹಿಂಡಿಯ ವಾಸನೆ. ಅವನದ್ದೂ ಒಂದು ಮಿಲ್ಲು. ಜೊತೆಗೆ ಯುವ ಮುಖಂಡ. ಬಸ್‌ಸ್ಟ್ಯಾಂಡಿನಿಂದ ಸಂತೆಮಾಳದವರೆಗೆ ಕೈಮುಗಿದು ನಗುವ ಅವನ ಫ್ಲೆಕ್ಸುಗಳಿದ್ದವು. ಎಲ್ಲ ಫ್ಲೆಕ್ಸಿನಲ್ಲೂ ರುದ್ರಣ್ಣ ಎದೆಯವರೆಗೆ ಮಾತ್ರ. ಅದಕ್ಕಿಂತ ಕೆಳಗಿನ ರುದ್ರಣ್ಣನನ್ನು ಬಲ್ಲದ್ದು ನಾನೊಂದೇ.

ಅವನೊಳಗೆ ನಾನು ಮಾಡಿದ ಕೆಲಸವನ್ನು ಎದೆ ತಟ್ಟಿ ಹೇಳುತ್ತೇನೆ. ಮೂತ್ರದ ದಾರಿ ಎಂದರೆ ದಿನಕ್ಕೆ ಹತ್ತಾರು ಸಲ ನೆರೆ ಬರುವ ಹಳ್ಳ. ಬೇರೆ ರೋಗಾಣುಗಳು ಕೊಚ್ಚಿಕೊಂಡು ಹೋಗುತ್ತವೆ. ನನ್ನ ಮೈತುಂಬ ಕೂದಲಿನಂಥ ಎಳೆಗಳಿವೆ. ಒಂದೊಂದನ್ನೂ ಹಗ್ಗದ ಹಾಗೆ ಬೀಸುತ್ತೇನೆ, ತುದಿ ಜೀವಕೋಶಕ್ಕೆ ಕಚ್ಚಿಕೊಂಡ ಮೇಲೆ ಹಗ್ಗವನ್ನು ನನ್ನೊಳಗೇ ಸುತ್ತಿಕೊಳ್ಳುತ್ತ ಹತ್ತಿರ ಬರುತ್ತೇನೆ. ನನ್ನ ತೂಕದ ಸಾವಿರಾರು ಪಟ್ಟು ಭಾರವನ್ನು ಆ ಹಗ್ಗ ಎಳೆಯಬಲ್ಲದು. ನಿಮ್ಮ ಹಬ್ಬದ ಗುಂಡೆತ್ತುವ ಪೈಲ್ವಾನರು ನನ್ನ ಮುಂದೆ ಏನೂ ಅಲ್ಲ. ಹೀಗೆ ಹತ್ತಿರ ಸೇರಿದ ಮೇಲೆ ಇನ್ನೊಂದು ಬಗೆಯ ಕೈಯಿಂದ ಜೀವಕೋಶವನ್ನು ತಬ್ಬುತ್ತೇನೆ. ಆಗ ಜೀವಕೋಶವೇ ತನ್ನ ಅಂಚನ್ನು ಮಡಚಿ ನನ್ನನ್ನು ಒಳಗೆ ಕರೆದುಕೊಳ್ಳುತ್ತದೆ. ಬಾಗಿಲು ಒಡೆಯುವ ಕಳ್ಳ ನಾನಲ್ಲ. ಒಳಗಿನವರೇ ಚಿಲಕ ತೆಗೆಯುವ ಹಾಗೆ ತಟ್ಟಬಲ್ಲೆ.

ರುದ್ರಣ್ಣನ ಮೈ ಸುಮ್ಮನಿರಲಿಲ್ಲ. ಗಂಡಸರ ಆ ದಾರಿಯಲ್ಲಿ ನಾನು ಸಿಕ್ಕರೆ ಭಾರೀ ಗದ್ದಲವಾಗುತ್ತದೆ. ಜೀವಕೋಶಗಳು ಬೊಬ್ಬೆ ಹೊಡೆದವು, ಬಿಳಿ ರಕ್ತಕಣಗಳು ದಂಡುದಂಡಾಗಿ ಬಂದು ನನ್ನನ್ನು ನುಂಗಿದವು. ನುಂಗಿದವನ ಹೊಟ್ಟೆಯಲ್ಲೇ ನಮ್ಮಲ್ಲಿ ಕೆಲವರು ಸಂಸಾರ ಹೂಡಿದೆವು. ನೀವು ಮೂಗು ಮುಚ್ಚಿಕೊಂಡು ಕೀವು ಎನ್ನುತ್ತೀರಲ್ಲ, ಅದು ನನ್ನ ಕೊಳಕಲ್ಲ. ಬಹುಪಾಲು ನಿಮ್ಮದೇ ಸೈನಿಕರ ಹೆಣಗಳು. ರುದ್ರಣ್ಣನ ರಕ್ತದ ಕಬ್ಬಿಣವನ್ನು ಕಿತ್ತು ತಿಂದೆ. ಅವನ ಜೀವಕೋಶಗಳಿಗೆ ಸೇರಿದ ಸಕ್ಕರೆಯನ್ನೇ ಕದ್ದು ಮೈಗೆ ಸವರಿಕೊಂಡೆ. ಕಾವಲಿನವರು ನೋಡಿದರು, ನಮ್ಮವನೇ ಎಂದುಕೊಂಡು ಮುಂದೆ ಹೋದರು. ಗುರುತು ಸಿಕ್ಕಿತು ಎನ್ನುವಷ್ಟರಲ್ಲಿ ಕೂದಲಿನ ಬಗೆಯನ್ನೇ ಬದಲಾಯಿಸಿದೆ. ಪಕ್ಷ ಬದಲಾಯಿಸುವುದರಲ್ಲಿ ರುದ್ರಣ್ಣನೂ ಕಡಿಮೆಯವನಲ್ಲ, ಆದರೆ ನನ್ನಷ್ಟು ಸಲೀಸು ಅವನಿಗೂ ಬರಲಿಲ್ಲ.

ಒಂದು ಬೆಳಿಗ್ಗೆ ಅವನು ಮಿಲ್ಲಿನ ಹಿಂದಿನ ಗೋಡೆಗೆ ಮುಖಮಾಡಿ ನಿಂತು ಹಲ್ಲು ಕಚ್ಚುತ್ತಿದ್ದ. ಹಮಾಲಿ ಬೋರಣ್ಣ ಹಿಂದಿನಿಂದ ಕೂಗಿದ.

"ಏನ್ ರುದ್ರಣ್ಣಾ, ಗೋಡೆ ಜೊತೆ ಜಗಳ ಆಡ್ತಿದೀಯಾ?"

"ಉಷ್ಣ ಕಣಲೇ. ಬ್ಯಾಸ್ಗೆ ಅಲ್ವಾ, ಉರೀತೈತೆ."

"ಎಣ್ಣೆ ಮಿಲ್ ಇಟ್ಕಂಡು ಉಷ್ಣ ಅಂತೀಯಲ್ಲ, ಜನ ನಗ್ತಾರೆ. ನೆತ್ತಿಗೆ ಹರಳೆಣ್ಣೆ ತಟ್ಕ, ಎಳನೀರು ಕುಡಿ, ಕೋಳಿ ತಿನ್ನಬ್ಯಾಡ."

ರುದ್ರಣ್ಣ ತಟ್ಟಿಕೊಂಡ. ಹಣೆಯ ಮೇಲೆ ಎಣ್ಣೆ ಇಳಿಯುವಂತೆ ತಟ್ಟಿಕೊಂಡ. ನಾನು ಇದ್ದದ್ದು ಎಲ್ಲಿ, ಎಣ್ಣೆ ಬಿದ್ದದ್ದು ಎಲ್ಲಿ! ಆವತ್ತು ನನಗೆ ತಿಳಿಯಿತು. ನಾನು ಕಷ್ಟಪಟ್ಟು ಹೊದ್ದುಕೊಂಡ ಸಕ್ಕರೆಯ ಹೊದಿಕೆ ಒಂದು ಕಡೆ, ಈ ಜನ ಪುಗಸಟ್ಟೆ ಕೊಟ್ಟ ಈ ಒಂದು ಮಾತಿನ ಹೊದಿಕೆ ಇನ್ನೊಂದು ಕಡೆ. ಉಷ್ಣ ಎಂದರೆ ಅದು ಯಾರಿಂದಲೂ ಬಂದದ್ದಲ್ಲ. ಬಿಸಿಲಿನಿಂದ ಬಂದದ್ದು, ಕೋಳಿಯಿಂದ ಬಂದದ್ದು. ಯಾರಿಗೂ ಹೋಗುವುದೂ ಅಲ್ಲ. ಆಮೇಲೆ ಮೆಡಿಕಲ್ ಶಾಪಿನ ಕಿಟಕಿಯಲ್ಲಿ ಬಗ್ಗಿ, "ಉಷ್ಣಕ್ಕೊಂದು ಮಾತ್ರೆ" ಎಂದು ಕೇಳಿ ತಂದು ನುಂಗಿದ. ಉರಿ ತಗ್ಗಿದ ಕೂಡಲೇ ಉಳಿದವನ್ನು ಎಸೆದ. ಅದು ನನಗೆ ಔಷಧಿಯಲ್ಲ, ಕಸರತ್ತು. ದುರ್ಬಲರು ಸತ್ತರು, ಗಟ್ಟಿಗರು ಉಳಿದೆವು. ಮೇಲೆ ಫ್ಲೆಕ್ಸು ನಗುತ್ತಿತ್ತು, ಕೆಳಗೆ ನಾನು ತೊಡೆ ತಟ್ಟುತ್ತಿದ್ದೆ.

ಹೀಗೆ ನಾನು ಅವನ ಹೆಂಡತಿ ವನಜಾಕ್ಷಿಯ ಒಳಗೆ ಹೋದೆ. ಯಾರೂ ಅವಳನ್ನು ಕೇಳಲಿಲ್ಲ.

ವನಜಾಕ್ಷಿಯ ಕೈ ಹೇಗಿತ್ತು ಎಂದು ಮೊದಲು ಹೇಳಬೇಕು. ಮಿಲ್ಲಿಗೆ ಬರುವ ಶೇಂಗಾದ ಮಾದರಿ ನೋಡುತ್ತಿದ್ದವಳು ಅವಳೇ. ಚೀಲದಿಂದ ಒಂದು ಹಿಡಿ ತೆಗೆದು, ಕಾಯಿ ಒಡೆದು, ಬೀಜವನ್ನು ಉಗುರಿನಿಂದ ಒತ್ತಿ ಎರಡು ಬೇಳೆ ಮಾಡಿ, ನಡುವೆ ಬೂಷ್ಟು ಇದೆಯೇ ಎಂದು ಬೆಳಕಿಗೆ ಹಿಡಿಯುತ್ತಿದ್ದಳು. ಮೇಲೆ ಕೆಂಪಗೆ ಹೊಳೆಯುವ ಬೀಜದ ನಡುವೆಯೇ ಬೂಷ್ಟು ಕೂತಿರುತ್ತದೆ. ಒಂದು ಚೀಲದಲ್ಲಿ ಅದು ಕಂಡರೆ ಆ ಲೋಡಿನ ಎಲ್ಲ ಚೀಲಗಳನ್ನೂ ಬಿಚ್ಚಿಸಬೇಕು ಎಂಬುದು ಮಿಲ್ಲಿನ ನಿಯಮ. ಆ ನಿಯಮ ಮಾಡಿದವನು ರುದ್ರಣ್ಣ. "ಒಂದು ಕೆಟ್ಟೈತೆ ಅಂದ್ರೆ ಒಟ್ಟಿಗೆ ಬಂದಿದ್ದೆಲ್ಲಾ ನೋಡ್ಬೇಕು" ಎಂದು ರೈತರ ಮೇಲೆ ಕೂಗುತ್ತಿದ್ದ.

ಹೆಂಗಸಿನ ಒಳಗೆ ನಾನು ಬೇರೆಯೇ ಜೀವಿ. ಗರ್ಭಕಂಠದ ಜೀವಕೋಶಗಳ ಮೇಲೆ ಒಂದು ಬಾಗಿಲಿದೆ. ಮೈ ತನ್ನವರಿಗಾಗಿ ಇಟ್ಟುಕೊಂಡ ಬಾಗಿಲು ಅದು. ಅದನ್ನು ತಟ್ಟಿ ಹೋದವರನ್ನು ಕಂಡು ಯಾವ ಕಾವಲುಗಾರನೂ ಕೂಗುವುದಿಲ್ಲ. ನಾನು ತಟ್ಟಿದೆ. ಜೀವಕೋಶ ಸೆರಗು ಬೀಸಿದ ಹಾಗೆ ತನ್ನ ಅಂಚನ್ನು ಬೀಸಿ ನನ್ನನ್ನು ಮುಚ್ಚಿಕೊಂಡಿತು. ಗದ್ದಲವಿಲ್ಲ, ಉರಿಯಿಲ್ಲ. ಗಂಡಿನಲ್ಲಿ ನಾನು ಜಾತ್ರೆ, ಹೆಣ್ಣಿನಲ್ಲಿ ನಾನು ಮೌನ. ಈ ಕಲೆಯನ್ನು ಯಾರಿಂದ ಕಲಿತೆ ಎಂದು ಕೇಳಬೇಡಿ. ಹೆಣ್ಣಿನ ನೋವು ಸದ್ದು ಮಾಡಬಾರದು ಎಂಬ ಕಾನೂನು ಆ ಮನೆಯಲ್ಲಿ ನನಗಿಂತ ಮೊದಲೇ ಇತ್ತು.

ಅವಳು ಬಸುರಿಯಾಗಿದ್ದಳು. ಹೊಟ್ಟೆ ತುಂಬಿಕೊಂಡ ಮೇಲೆ ಒಂದು ದಿನ ಅತ್ತೆ ಹನುಮಕ್ಕನ ಹತ್ತಿರ ಸಣ್ಣದಾಗಿ ಹೇಳಿದಳು.

"ಅತ್ತೆ, ಕೆಳಗೊಟ್ಟೆ ಹಿಂಡ್ದಂಗೆ ಆಗ್ತೈತೆ. ಬಿಳೇದು ಬಾಳ ಹೋಗ್ತೈತೆ, ಅರಿಶಿಣ ಕಲಸ್ದಂಗೆ."

ಹನುಮಕ್ಕ ಅಡಕೆ ಕತ್ತರಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಉಷ್ಣ ಕಣೆ. ಬಸುರಿ ಮೈಯಿ. ಮಿಲ್ಲಿನ ಬಿಸಿಲಾಗೆ ನಿಂತ್ಕಂತೀಯ. ಮೆಂತ್ಯ ನೆನಸ್ಕಂಡು ಕುಡಿ. ನಂಗೂ ಹಿಂಗೇ ಆಗ್ತಿತ್ತು."

ತಪಾಸಣೆಗೆ ಹೋದಾಗ ನರ್ಸ್ ಕೇಳಿದಳು, ಏನಾದರೂ ತೊಂದರೆ ಇದೆಯಾ ಎಂದು. "ಏನಿಲ್ಲ ಸಿಸ್ಟರ್, ಸ್ವಲ್ಪ ಉಷ್ಣ" ಎಂದಳು ವನಜಾಕ್ಷಿ. ನೋಡಿದಿರಾ? ಗಂಡನ ಬಾಯಿಯಿಂದ ಅತ್ತೆಯ ಬಾಯಿಗೆ, ಅತ್ತೆಯ ಬಾಯಿಯಿಂದ ಅವಳ ಬಾಯಿಗೆ. ನಾನು ಮೈಯಿಂದ ಮೈಗೆ ಹರಡುವುದಕ್ಕಿಂತ ವೇಗವಾಗಿ ಆ ಮಾತು ಬಾಯಿಂದ ಬಾಯಿಗೆ ಹರಡಿತ್ತು.

ವನಜಾಕ್ಷಿಗೆ ತವರಿನಲ್ಲಿ ಅವ್ವ ಇರಲಿಲ್ಲ. ಆದ್ದರಿಂದ ಬಾಣಂತನ ಗಂಡನ ಮನೆಯಲ್ಲೇ. ಹೆರಿಗೆ ಸಲೀಸಾಯಿತು, ಹೆಣ್ಣುಕೂಸು. ಕೂಸು ಲೋಕಕ್ಕೆ ಬರುವ ದಾರಿಯಲ್ಲಿ ನಾನು ಕಾದು ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಅದು ನನ್ನನ್ನು ದಾಟಿತು. ರೆಪ್ಪೆಯ ಸಂದಿಯಲ್ಲಿ ನಾನು ಹತ್ತಿಕೊಂಡೆ.

ಕಣ್ಣಿನ ಕಪ್ಪುಗುಡ್ಡೆಯ ಮೇಲೆ ಗಾಜಿನಂಥ ಒಂದು ಪೊರೆ ಇದೆ. ಎಲ್ಲಾದರೂ ಗೀರಿದ್ದರೆ ಮಾತ್ರ ಹೆಚ್ಚಿನ ರೋಗಾಣುಗಳು ಅದರೊಳಗೆ ಹೋಗಬಲ್ಲವು. ಗೀರಿಲ್ಲದ ಗಾಜನ್ನೂ ಕೊರೆಯಬಲ್ಲ ಕೆಲವೇ ಕೆಲವರಲ್ಲಿ ನಾನೂ ಒಂದು. ಹಸುಗೂಸಿನ ಕಣ್ಣು ನನಗೆ ಕಷ್ಟದ ಕೋಟೆಯೇ ಅಲ್ಲ. ಬಿಟ್ಟರೆ ದಿನ ಕಳೆಯುವುದರಲ್ಲಿ ತೂತು ಮಾಡಿ ಒಳಗಿನ ಬೆಳಕನ್ನೇ ಹೊರಗೆ ಸುರಿಯಬಲ್ಲೆ. ಹೆಮ್ಮೆಯಿಂದಲೇ ಹೇಳುತ್ತಿದ್ದೇನೆ. ನಾಚಿಕೆಪಡಬೇಕಾದವರು ಬೇರೆ ಇದ್ದಾರೆ.

ರೆಪ್ಪೆಗಳು ಊದಿ ಬದನೆಕಾಯಿಯಾದವು. ಹನುಮಕ್ಕ ಮೊದಲು ಸಾಂಬ್ರಾಣಿ ಹೊಗೆಯನ್ನು ಬೈದಳು. ಆಮೇಲೆ ಸೊಸೆಯನ್ನು ಬೈದಳು. "ತಾಯಿ ಉಷ್ಣ ಕೂಸಿಗೆ ಇಳುದೈತೆ. ಬಸುರಿದ್ದಾಗ ಮೆಂತ್ಯ ಕುಡಿ ಅಂದ್ರೆ ಕೇಳಿದ್ಯಾ?" ಎಂದು ಕೂಸಿನ ಕಣ್ಣಿಗೆ ಹರಳೆಣ್ಣೆಯ ತೊಟ್ಟು ಬಿಟ್ಟಳು. ಮೊಲೆಹಾಲು ಹಿಂಡಿಸಿದಳು. ಎಣ್ಣೆಯ ಊರಲ್ಲವೇ, ತಲೆಮಾರು ಬದಲಾದರೂ ಮದ್ದು ಬದಲಾಗಲಿಲ್ಲ. ಎಣ್ಣೆಯಡಿ ನಾನು ಹಾಯಾಗಿದ್ದೆ.

ವನಜಾಕ್ಷಿ ಕೂಸನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಶೇಂಗಾ ಬೇಳೆ ಬಿಡಿಸುವ ಅದೇ ಉಗುರಿನಿಂದ, ಅಷ್ಟೇ ಹಗುರವಾಗಿ, ರೆಪ್ಪೆ ಬಿಡಿಸಿದಳು. ಹಳದಿ ಕೀವು ಚಿಲ್ಲೆಂದು ಅವಳ ಕೆನ್ನೆಗೆ ಹಾರಿತು. ಒರೆಸಿ ಮತ್ತೆ ನೋಡಿದಳು.

"ಕಪ್ಪು ಕಾಣ್ತಿಲ್ಲ" ಎಂದಳು. "ಅತ್ತೆ, ಕೂಸಿನ ಕಣ್ಣಾಗೆ ಕಪ್ಪು ಕಾಣ್ತಿಲ್ಲ. ಆಸ್ಪತ್ರೆಗೆ ಹೋಗ್ತೀನಿ."

ಪಂಚೆ ಕಟ್ಟಿಕೊಳ್ಳುತ್ತ ಬಂದ ರುದ್ರಣ್ಣ ಬಾಗಿಲಿಗೆ ಅಡ್ಡ ನಿಂತ. "ಪುರುಡು ಕಳೆದಿಲ್ಲ, ಬಾಣಂತಿ ಹೊಸ್ತಿಲು ದಾಟ್ತಾಳಂತೆ! ಎರಡು ದಿನ ನೋಡಾಣ. ನಾಮಕರಣದ ಫ್ಲೆಕ್ಸು ಆಗ್ಲೇ ಪ್ರಿಂಟಿಗೆ ಹೋಗೈತೆ, ಊರಿಗೆಲ್ಲಾ ಹೇಳೈತೆ."

ಅವನಿಗೆ ಆ ಹಳದಿಯ ಗುರುತು ಹತ್ತಿತ್ತು. ತನ್ನ ಬಟ್ಟೆಯ ಮೇಲೆ ಅವನು ಅದನ್ನು ಕಂಡಿದ್ದ. ಕೂಸಿನ ಕಣ್ಣು ಹೋದರೂ ಆ ಗುರುತು ಆಸ್ಪತ್ರೆಯವರೆಗೆ ಹೋಗಬಾರದು ಎಂದು ನಿಂತಿದ್ದ. ಅವನನ್ನು ನಾನು ಒಳಗಿನಿಂದ ಬಲ್ಲೆ. ನನಗಿಂತ ಗಟ್ಟಿ ರೋಗ ಅದು.

"ಫ್ಲೆಕ್ಸಿನಾಗೆ ಕಣ್ಣಿರೋ ಕೂಸು ಹಾಕುಸ್ತೀರೋ, ಕುರುಡು ಕೂಸು ಹಾಕುಸ್ತೀರೋ, ನೀವೇ ಹೇಳ್ರಿ" ಎಂದಳು ವನಜಾಕ್ಷಿ. ತಲೆಗೆ ಕಟ್ಟಿದ ಬಟ್ಟೆಯನ್ನೂ ಬಿಚ್ಚದೆ ಅವನ ತೋಳಿನ ಕೆಳಗೆ ನುಸುಳಿ ಹೊಸ್ತಿಲು ದಾಟಿದಳು. ಮೊಮ್ಮಗಳ ಕಣ್ಣನ್ನು ಹನುಮಕ್ಕನೂ ನೋಡಿದ್ದಳು. ಚಪ್ಪಲಿ ಮೆಟ್ಟಿಕೊಂಡು, "ಏಯ್, ಆಟೋ ನಿಲ್ಲುಸ್ಲಾ!" ಎಂದು ಬೀದಿಗೆ ಕೂಗಿದಳು.

ಮಕ್ಕಳ ಡಾಕ್ಟರು ಶಕೀಲಾ ನನ್ನನ್ನು ನೋಡಿದ ಕೂಡಲೇ ಮಾತು ನಿಲ್ಲಿಸಿ ಕೆಲಸ ಹಿಡಿದರು. ಕೂಸಿನ ಕೀವನ್ನು ಒಂದು ಗಾಜಿನ ಚೂರಿನ ಮೇಲೆ ಸವರಿದರು. ಕಣ್ಣನ್ನು ಉಪ್ಪುನೀರಿನಿಂದ ತೊಳೆದರು, ಮತ್ತೆ ತೊಳೆದರು. ಎಳೆ ತೊಡೆಗೆ ಸೂಜಿ ಚುಚ್ಚಿದರು. ಆ ಹೊತ್ತಿಗೆ ರುದ್ರಣ್ಣ ಬುಲೆಟ್ ಏರಿ ಬಂದ. ಗಾಜನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಬಂದ ಡಾಕ್ಟರು ಬಾಗಿಲು ಹಾಕಿ ಮನೆಯವರಿಗೆ ಮಾತ್ರ ಹೇಳಿದರು.

"ಇದು ಗೊನೋರಿಯಾ. ಹೆರಿಗೆಯಲ್ಲಿ ತಾಯಿಯಿಂದ ಕೂಸಿಗೆ ಬಂದಿದೆ. ಕಣ್ಣು ಉಳಿಸೋಕೆ ನೋಡ್ತೀವಿ. ಆದರೆ ನಿಮಗೆಲ್ಲ ಚಿಕಿತ್ಸೆ ಆಗ್ಬೇಕು. ಇಲ್ಲದಿದ್ರೆ ಇದು ತಿರುಗಿ ತಿರುಗಿ ಬರುತ್ತೆ."

ರುದ್ರಣ್ಣ ಎರಡನೆಯ ಮಾತನ್ನು ಮಾತ್ರ ಹಿಡಿದುಕೊಂಡ. "ಕೇಳ್ದೇನವ್ವಾ? ತಾಯಿಯಿಂದ ಅಂತೆ! ಡಾಕ್ಟ್ರೇ ಹೇಳ್ತಾವ್ರೆ. ಮಿಲ್ಲಿಗೆ ಬರೋ ಲಾರಿಯೋರ ಜೊತೆ ಹಲ್ಕಿರೀತಾ ನಿಂತಿರ್ತಾಳಲ್ಲ, ನಾನು ಅವತ್ತೇ ಅನ್ಕಂಡೆ."

ಅದು ನನ್ನ ಬಾಳಿನ ಶಿಖರ. ನಾನು ಎಷ್ಟು ಬಗೆಯ ಅಂಗಿ ತೊಟ್ಟವನು! ಆದರೆ ಇಷ್ಟು ಸಲೀಸಾಗಿ, ಇಷ್ಟು ಹೊತ್ತಿಗೆ ಸರಿಯಾಗಿ, ನನ್ನ ಗುರುತನ್ನು ಒಬ್ಬ ಹೆಂಗಸಿನ ಮೈಮೇಲೆ ಎಸೆದು ಪಾರಾಗುವ ವಿದ್ಯೆ ನನ್ನದಲ್ಲ. ಅದು ಗಂಡಸಿನದು. ನಾನು ಅವನ ಶಿಷ್ಯ.

ವನಜಾಕ್ಷಿ ಅಳಲಿಲ್ಲ. "ಮೇಡಂ, ನಾನು ನೋಡ್ಬೋದಾ ಅದನ್ನ?" ಎಂದು ಕೇಳಿದಳು. ಕೂಸನ್ನು ಅತ್ತೆಯ ತೋಳಿಗೆ ಕೊಟ್ಟು, ಪಕ್ಕದ ಕೋಣೆಯ ಮೈಕ್ರೋಸ್ಕೋಪಿಗೆ ಕಣ್ಣಿಟ್ಟಳು. ದೊಡ್ಡ ಬಿಳಿ ರಕ್ತಕಣದ ಹೊಟ್ಟೆಯೊಳಗೆ ಗುಲಾಬಿ ಬಣ್ಣದ ನಾವು ಜೋಡಿಜೋಡಿಯಾಗಿ ಕೂತಿದ್ದೆವು. ಬಹಳ ಹೊತ್ತು ನೋಡಿದಳು. ಅಷ್ಟು ಹತ್ತಿರದಿಂದ, ಹೆದರದೆ, ಯಾರೂ ನನ್ನನ್ನು ನೋಡಿರಲಿಲ್ಲ.

"ಶೇಂಗಾ ಬ್ಯಾಳೆ" ಎಂದಳು. "ಉಗುರಾಗೆ ಒತ್ತಿ ಬಿಡಿಸ್ದಂಗೆ, ಎದುರುಬದುರು." ಆಮೇಲೆ ತಿರುಗಿ ಗಂಡನನ್ನು ನೋಡಿದಳು. "ಒಂದ್ ಚೀಲದಾಗೆ ಬೂಷ್ಟು ಕಂಡ್ರೆ ಒಟ್ಟಿಗೆ ಬಂದ ಚೀಲ ಎಲ್ಲಾ ಬಿಚ್ಚುಸ್ತಿದ್ರಿ. ನನ್ ಚೀಲ ಬಿಚ್ಚೈತೆ, ಕೂಸಿಂದೂ ಬಿಚ್ಚೈತೆ. ಈಗ ನಿಮ್ದು ಬಿಚ್ರಿ."

"ಬಾಯ್ ಮುಚ್ಚೇ! ನಂಗೇನಾಗೈತೆ?"

ಡಾಕ್ಟರು ತಣ್ಣಗೆ ಕೇಳಿದರು. "ಉರಿ, ಕೀವು, ಯಾವಾಗಲಾದರೂ ಇತ್ತಾ?"

"ಇಲ್ಲ ಮೇಡಂ, ಅಂಥದ್ದೇನಿಲ್ಲ. ಬ್ಯಾಸ್ಗೇಲಿ ಒಂದೀಟು ಉಷ್ಣ ಆಗಿತ್ತು, ಅಷ್ಟೆ."

ಅವನೇ ಆಡಿದ ಮಾತು. ಇಷ್ಟು ಕಾಲ ನನ್ನನ್ನು ಮುಚ್ಚಿದ್ದ ಹೊದಿಕೆಯನ್ನು ಅವನೇ ಎಳೆದು ಬೆಳಕಿನಲ್ಲಿ ಒದರಿದ.

"ಉಷ್ಣಾ?" ಎಂದಳು ಹನುಮಕ್ಕ.

ಅವಳ ದನಿ ಬೇರೆಯಾಗಿತ್ತು. ಕೂಸಿನ ಊದಿದ ಕಣ್ಣನ್ನು ನೋಡಿದಳು, ಮಗನನ್ನು ನೋಡಿದಳು, ಮತ್ತೆ ಕೂಸನ್ನು ನೋಡಿದಳು.

"ನಿಮ್ಮಪ್ಪಂಗೂ ಉಷ್ಣ ಇತ್ತು" ಎಂದಳು. "ಸಂತೆಗೆ ಹೋಗಿ ಬಂದಾಗೆಲ್ಲಾ ಉಷ್ಣ. ನಾನೇ ನೆತ್ತಿಗೆ ಎಣ್ಣೆ ತಟ್ಟಿದೀನಿ. ಆಮ್ಯಾಲೆ ನಂಗೂ ಉಷ್ಣ. ನಿನ್ನ ಹೆತ್ತ ಮ್ಯಾಲೆ ಮತ್ತೆ ಬಸಿರೇ ನಿಲ್ಲಲಿಲ್ಲ ಕಣಲೇ. ಒಂಟಿ ಕಣ್ಣು ಕಣ್ಣಲ್ಲ, ಒಂಟಿ ಮಗ ಮಗ ಅಲ್ಲ ಅಂತ ನಿಮ್ಮಜ್ಜಿ ಸಾಯೋ ತನಕ ನನ್ ಮೈನೇ ಬೈದ್ಲು. ನಾನೂ ನನ್ ಮೈನೇ ಬೈಕಂಡೆ."

ಹನುಮಕ್ಕನೊಳಗೆ ಅಂದು ಇದ್ದದ್ದು ನಮ್ಮ ವಂಶದವರೋ ಅಲ್ಲವೋ, ಪ್ರಮಾಣ ಮಾಡಿ ಹೇಳಲಾರೆ. ಆದರೆ ಹೆಣ್ಣಿನ ಗರ್ಭಕಂಠ ದಾಟಿ ಅಂಡನಾಳದವರೆಗೆ ಸದ್ದಿಲ್ಲದೆ ಹತ್ತಿ, ಅಲ್ಲಿ ಗಾಯ ಮಾಡಿ, ಗಾಯ ಮಾಗುವಾಗ ನಾಳವೇ ಮುಚ್ಚಿಹೋಗುವಂತೆ ಮಾಡುವುದು ನಮ್ಮ ಕಸುಬು. ಎಷ್ಟು ಬಂಜೆಯರನ್ನು ಮನೆಯಿಂದ ಹೊರಗಟ್ಟಿದಿರಿ, ಎಷ್ಟು ಎರಡನೆಯ ಮದುವೆಗೆ ಚಪ್ಪರ ಹಾಕಿದಿರಿ! ಎಷ್ಟೋ ಕಡೆ ಆ ಚಪ್ಪರದ ಕೆಳಗೆ ಮದುಮಗನ ಜೊತೆ ನಾವೂ ಬಂದು ಹೊಸ ಹುಡುಗಿಗಾಗಿ ಕಾದಿದ್ದೆವು.

"ಲೇ ರುದ್ರಾ" ಎಂದಳು ಹನುಮಕ್ಕ. "ಪಂಚೆ ಸಡ್ಲುಸು. ಸೂಜಿ ಹಾಕುಸ್ಕ."

"ಅವ್ವಾ, ಹೊರಗೆ ನಮ್ ಹುಡುಗ್ರವ್ರೆ..."

"ಇರ್ಲಿ. ಫ್ಲೆಕ್ಸಿಗೆ ಫೋಟೋ ಬೇಕಾದ್ರೆ ಅವರನ್ನೇ ಕರೀತೀನಿ."

ಸಡಿಲಿಸಿದ. ಹಾಕಿಸಿಕೊಂಡ. ವನಜಾಕ್ಷಿಗೂ ಹಾಕಿದರು. ಆ ದಿನ ಆ ಮನೆಯ ಮೂರೂ ಮೈಗಳಲ್ಲಿ ನಾನು ಸತ್ತೆ. ಯುವ ಮುಖಂಡರು ಬುಲೆಟ್ ಮೇಲೆ ಒಂದೇ ಮಗ್ಗುಲಿಗೆ ಕೂತು ಊರು ದಾಟಿದರಂತೆ.

ಉಳಿದದ್ದು ಈ ಗಾಜಿನ ಮೇಲಿನ ನಾನು. ನನ್ನನ್ನು ಬೆಂಕಿಯ ಮೇಲೆ ಹಾಯಿಸಿ, ಬಣ್ಣ ಹಾಕಿ, ಮೇಲೊಂದು ತೆಳು ಗಾಜು ಅಂಟಿಸಿ ಮರದ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಇದು ನನ್ನ ಮುಪ್ಪು. ಆಶಾ ಕಾರ್ಯಕರ್ತೆಯರ ತರಬೇತಿಗೆ ಡಾಕ್ಟರು ನನ್ನನ್ನು ಹೊರಗೆ ತೆಗೆಯುತ್ತಾರೆ. "ಯಾರಾದ್ರೂ ನಿಮ್ಮ ಹತ್ರ ಉಷ್ಣ ಅಂದ್ರೆ, ಅಲ್ಲಿಗೇ ಬಿಡಬೇಡಿ, ಇನ್ನೊಂದು ಪ್ರಶ್ನೆ ಕೇಳಿ" ಎನ್ನುತ್ತಾರೆ. ಬಂದವರು ಸಾಲಾಗಿ ಕಣ್ಣಿಟ್ಟು ನೋಡುತ್ತಾರೆ. ಕೆಲವರು ನೋಡಿದ ಮೇಲೆ ಸುಮ್ಮನೆ ಗೋಡೆಗೆ ಒರಗಿ ಕೂರುತ್ತಾರೆ. ಅವರು ಯಾವ ಉಷ್ಣವನ್ನು ನೆನೆಯುತ್ತಿದ್ದಾರೆ ಎಂದು ನನಗೆ ಗೊತ್ತು.

ನಾನು ಸೋತೆ ಎಂದುಕೊಳ್ಳಬೇಡಿ. ನನ್ನವರು ಹೊರಗೆ ಬೇಕಾದಷ್ಟಿದ್ದಾರೆ. ನಿಮ್ಮ ಹಳೆಯ ಮದ್ದುಗಳನ್ನು ಒಂದೊಂದಾಗಿ ಅರಗಿಸಿಕೊಂಡು ಈಗ ಹೊಸದರ ರುಚಿ ನೋಡುತ್ತಿದ್ದಾರೆ. ಅವರ ಬಗ್ಗೆ ನನಗೆ ಹೆಮ್ಮೆಯಿದೆ. ಆದರೆ ಅಷ್ಟೆಲ್ಲ ಕಷ್ಟಪಡುವ ಅಗತ್ಯವೇ ಇಲ್ಲದ ಮನೆಗಳೂ ಎಷ್ಟೋ ಇವೆ. ಅಲ್ಲಿ ನೆತ್ತಿಗೆ ಇನ್ನೂ ಹರಳೆಣ್ಣೆ ಬೀಳುತ್ತಿದೆ.

ಕೂಸಿನ ಬಲಗಣ್ಣು ಪೂರ್ತಿ ತಿಳಿಯಾಯಿತು. ಎಡಗಣ್ಣಿನ ಕಪ್ಪಿನ ಅಂಚಿನಲ್ಲಿ ಮಂಜಿನ ಹನಿಯಷ್ಟು ಬಿಳಿ ಉಳಿಯಿತು. ಅದು ನನ್ನ ಸಹಿ. ಹಾಕಿದ ಸಹಿಯನ್ನು ನಾನು ಅಲ್ಲಗಳೆಯುವುದಿಲ್ಲ. ನಾಮಕರಣಕ್ಕೆ ಫ್ಲೆಕ್ಸು ಏಳಲಿಲ್ಲ. ಹನುಮಕ್ಕನೇ ಪಾಲಾಕ್ಷಿ ಎಂದು ಹೆಸರಿಟ್ಟಳು. "ಎರಡು ಸಾಲದಿದ್ರೆ ಹಣೇಲ್ ಇನ್ನೊಂದು ಇರ್ಲಿ" ಎಂದಳಂತೆ. ಗಂಡನ ಜೊತೆ ವನಜಾಕ್ಷಿ ಆಮೇಲೆ ಯಾವ ಲೆಕ್ಕದಲ್ಲಿ ಬಾಳಿದಳೋ ನನಗೆ ಕಾಣದು, ನಾನು ಪೆಟ್ಟಿಗೆಯಲ್ಲಿದ್ದೆ. ಮಿಲ್ಲಿನಲ್ಲಿ ಮಾದರಿ ನೋಡುವ ಜಾಗ ಮಾತ್ರ ಅವಳು ಬಿಟ್ಟುಕೊಟ್ಟಿಲ್ಲವಂತೆ. ಪಾಲಾಕ್ಷಿ ಅವಳ ಮಗ್ಗುಲಲ್ಲೇ ಶೇಂಗಾ ಬಿಡಿಸುತ್ತ ಬೆಳೆಯುತ್ತಿದ್ದಾಳೆ.

ಕಣ್ಣಿನ ತಪಾಸಣೆಗೆ ಬಂದಾಗಲೆಲ್ಲ ವನಜಾಕ್ಷಿ ನನ್ನನ್ನು ನೋಡದೆ ಹೋಗುವುದಿಲ್ಲ. ಮೊನ್ನೆ ಬಂದಾಗ ಮಗಳನ್ನು ಸ್ಟೂಲಿನ ಮೇಲೆ ನಿಲ್ಲಿಸಿದಳು. ಬಲಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿದಳು. ಕೆಳಗಿನಿಂದ ನೋಡುತ್ತಿದ್ದ ನನ್ನ ಮೇಲೆ ಎಡಗಣ್ಣು ಒಂದು ಇಳಿದು ಬಂತು. ಅಂಚಿನಲ್ಲಿ ನನ್ನ ಬಿಳಿ ಸಹಿ, ಅದರ ಪಕ್ಕದಲ್ಲಿ ದೊಡ್ಡದಾಗಿ, ಅಲ್ಲಾಡದೆ, ಕಪ್ಪು.

"ಏನ್ ಕಾಣ್ತೈತವ್ವಾ?"

ಹುಡುಗಿ ಉಸಿರು ಬಿಗಿಹಿಡಿದು ನೋಡಿದಳು.

"ಶೇಂಗಾ" ಎಂದಳು. "ಕೆಟ್ಟಿರೋದು."